ಒಂದು ಪ್ಲೇಟು ಬೊಚ್ಚ

"ಗದ್ದ ಸ್ವಲ್ಪ ಕೆಳಗೆ ಎಳಿ ಅತ್ತೆ. ಇನ್ನೂ ಸ್ವಲ್ಪ. ಹಾಂ, ಹಾಗೇ ಹಿಡ್ಕೋ."

ಮಗಳು ಮಂಚದ ಪಕ್ಕ ಮಂಡಿಯೂರಿ, ಅಪ್ಪನ ಬಾಯೊಳಗೆ ಮೇಲಿನ ಸಾಲಿನ ಹಲ್ಲುಗಳನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದಳು. ಆಮೇಲೆ ಕೆಳಗಿನ ಸಾಲು. ಎರಡೂ ಅವಳ ಕೈಯಿಂದಲೇ ಆದವು. ಪೇಟೆಯ ದಂತವೈದ್ಯರಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವಳ ಕಸುಬು. ತಾನು ಮಾಡಿದ್ದರಲ್ಲೆಲ್ಲ ಇದೇ ಚೆಂದದ್ದು ಎಂದು ಅವಳಿಗೆ ಗೊತ್ತಿತ್ತು. ಕೆನ್ನೆ ತುಂಬಿಕೊಂಡಿತು, ತುಟಿ ಮುಂದಕ್ಕೆ ಬಂತು. ಮಲಗಿದ್ದವನು ಇದ್ದಕ್ಕಿದ್ದಂತೆ ಯಾವುದೋ ಬ್ಯಾಂಕಿನ ಮ್ಯಾನೇಜರನಂತೆ ಕಂಡ.

ಅತ್ತೆ, ಎಂದರೆ ಸತ್ತವನ ಅಕ್ಕ, ಗದ್ದ ಬಿಟ್ಟು ಕೈ ಒರೆಸಿಕೊಂಡಳು. "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನನ್ನ ತಮ್ಮನಿಗೆ ಈಗ ಎರಡೂ ಇದೆ, ಅವನೇ ಇಲ್ಲ" ಎಂದು ಹೇಳಿ ನಕ್ಕಳು, ನಗುವಿನ ಮಧ್ಯದಲ್ಲೇ ಅತ್ತಳು.

ಮಗಳಿಗೆ ಅಳಲು ಪುರುಸೊತ್ತಿರಲಿಲ್ಲ. "ಅತ್ತೆ, ಬಾಗಿಲಲ್ಲಿ ನಿಂತ್ಕೋ. ಡಿಪೋದಿಂದ ಜನ ಬರ್ತಾರೆ. ಬರೋವ್ರಿಗೆಲ್ಲ ಮೊದಲೇ ಹೇಳಿಬಿಡು, ಇವತ್ತು ಈ ಮನೇಲಿ ಆ ಹೆಸರು ಯಾರ ಬಾಯಲ್ಲೂ ಬರಕೂಡದು. ಇವತ್ತೊಂದು ದಿನ ನಮ್ಮಪ್ಪ ಮರ್ಯಾದೆಯಾಗಿ ಹೋಗಲಿ."

"ಮಣ್ಣಿಗಿಡೋ ಹೊತ್ತಲ್ಲೂ ನಿಂದು ಅದೇ ಹಟ."

"ಹಟಾನೇ. ಹೇಳು."

ಅತ್ತೆ ಹೇಳುವ ಮೊದಲೇ ಡಿಪೋದ ಮೊದಲ ಗುಂಪು ಒಳಗೆ ನುಗ್ಗಿತ್ತು. ಟಿಕೆಟ್ ಚೆಕ್ಕಿಂಗ್ ಇನ್ಸ್‌ಪೆಕ್ಟರು ಮುಂದೆ, ಹೂವಿನ ಹಾರ ಹಿಡಿದ ಇಬ್ಬರು ಕಂಡಕ್ಟರುಗಳು ಹಿಂದೆ. ಮೂವರೂ ಮಂಚದ ಹತ್ತಿರ ಹೋದರು, ಮುಖ ನೋಡಿದರು, ಒಬ್ಬರನ್ನೊಬ್ಬರು ನೋಡಿಕೊಂಡರು. ಇನ್ಸ್‌ಪೆಕ್ಟರು ಕೈಮುಗಿದು, "ಕ್ಷಮಿಸಬೇಕು, ನಿಮ್ಮನೇಲೂ ಸಾವಾಗಿದೆ ಅಂತ ಗೊತ್ತಿರಲಿಲ್ಲ" ಎಂದು ಹಾರದ ಸಮೇತ ಹಿಂದಕ್ಕೆ ನಡೆದುಬಿಟ್ಟರು. ಪಕ್ಕದ ಮನೆಯ ಟೈಲರನ ಬಾಗಿಲು ತಟ್ಟಿ, ಅವನಿಂದ ಬೈಸಿಕೊಂಡು, ಅವನೇ ಕೈಹಿಡಿದು ಕರೆತಂದ ಮೇಲೆ ಮತ್ತೆ ಬಂದರು. ಅಷ್ಟು ಹೊತ್ತಿಗೆ ಅತ್ತೆ ಬಾಗಿಲಲ್ಲಿ ನಿಂತು ಹುಕುಮು ಹೊರಡಿಸಿದ್ದಳು.

"ಹಾಗಾದ್ರೆ ನಾವು ಏನಂತ ಕರೀಬೇಕಮ್ಮ?" ಇನ್ಸ್‌ಪೆಕ್ಟರು ದಿಗಿಲಿನಿಂದ ಕೇಳಿದರು. "ಸರ್ವಿಸ್ ಪೂರ್ತಿ ಅದೊಂದೇ ಹೆಸರು ನಮಗೆ ಗೊತ್ತಿರೋದು."

"ಕಂಡಕ್ಟರು ಅನ್ನಿ. ಇಲ್ಲಾಂದ್ರೆ ಬಾಯಿ ಮುಚ್ಕೊಂಡಿರಿ" ಎಂದಳು ಅತ್ತೆ.

*

ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಬಸ್ಸು ಶಾಲೆಯ ಮುಂದೆಯೇ ನಿಲ್ಲುತ್ತಿತ್ತು. ಅವನು ಫುಟ್‌ಬೋರ್ಡಿನಿಂದ ಬಗ್ಗಿ ಊರುಗಳ ಹೆಸರು ಕೂಗುವನು. ಹಲ್ಲಿಲ್ಲದ ಬಾಯಲ್ಲಿ ಊರುಗಳೆಲ್ಲ ಮೆತ್ತಗಾಗಿ ಬರುತ್ತಿದ್ದವು. ಗೇಟಿನಲ್ಲಿದ್ದ ಮಕ್ಕಳು "ಬೊಚ್ಚ ಬಂದ, ಬೊಚ್ಚ ಬಂದ" ಎಂದು ಕುಣಿಯುತ್ತಿದ್ದರು. ಒಂದು ದಿನ ಅವಳು ಹಾಗೆ ಕುಣಿದವನ ಮೇಲೆ ಬಿದ್ದು ಗುದ್ದಿದಳು. ಅವನ ಒಂದು ಹಾಲುಹಲ್ಲು ಕಳಚಿ ಅಂಗಳಕ್ಕೆ ಬಿತ್ತು.

ಹೆಡ್ ಮೇಡಂ ಅಪ್ಪನನ್ನು ಕರೆಸಿದರು. ಅವನು ಬಸ್ಸನ್ನು ಗೇಟಿನಲ್ಲೇ ನಿಲ್ಲಿಸಿ ಬಂದ. ಅಳುತ್ತಿದ್ದ ಹುಡುಗನ ಬಾಯಿ ತೆರೆಸಿ ನೋಡಿ, "ಬಾರಪ್ಪ, ನೀನೂ ನನ್ನ ಪಾರ್ಟಿ" ಎಂದು ತನ್ನ ಬಾಯಿ ತೆರೆದು ತೋರಿಸಿದ. ಹುಡುಗ ನಕ್ಕ, ಹೆಡ್ ಮೇಡಂ ನಕ್ಕರು, ಬಸ್ಸಿನಿಂದ ಇಣುಕುತ್ತಿದ್ದವರೆಲ್ಲ ನಕ್ಕರು. ಮಗಳೊಬ್ಬಳು ನಗಲಿಲ್ಲ. ಅವಳಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿರಲಿಲ್ಲ. ಮನೆಗೆ ಬಂದವಳು ಊಟ ಬಿಟ್ಟು ಬಿಕ್ಕಿದಳು.

ತಾಯಿಯಿಲ್ಲದ ಮಗು. ಅಪ್ಪ ಪಕ್ಕದಲ್ಲಿ ಕೂತು ಅವಳ ಕೂದಲು ನೇವರಿಸುತ್ತಾ, "ಆಯ್ತು ಪುಟ್ಟಿ. ಇನ್ಮೇಲೆ ಆ ಹೆಸರು ನಮ್ಮ ಹೊಸಲು ದಾಟಿ ಒಳಗೆ ಬರಲ್ಲ" ಎಂದ.

ಬರಲೂ ಇಲ್ಲ. ಆದರೆ ಹೊಸಲಿನಾಚೆ ಅದು ಬೆಳೆಯುತ್ತಾ ಹೋಯಿತು. ಮೊದಲು ಬಸ್ಟಾಂಡಿನ ಕ್ಯಾಂಟೀನುಗಳ ಕರಿಹಲಗೆಯ ಮೇಲೆ, ಆಮೇಲೆ ಪೇಟೆಯ ಹೋಟೆಲುಗಳ ಮೆನುವಿನಲ್ಲಿ: ಸೌತೆ ಬೊಚ್ಚ, ಬೀಟ್‌ರೂಟ್ ಬೊಚ್ಚ, ಸೇಬಿನ ಬೊಚ್ಚ. ತೀರಾ ತೆಳ್ಳಗೆ ಹೆಚ್ಚಿ, ಉಪ್ಪು ನಿಂಬೆ ಸವರಿ ತಟ್ಟೆ ತುಂಬ ಹರಡಿದ್ದೆಲ್ಲ ಬೊಚ್ಚ. ಊರಿಗೆ ಊರೇ ಸೇರಿ ಅಪ್ಪನ ಬಾಯನ್ನು ನಗೆಪಾಟಲು ಮಾಡಿ, ಅದನ್ನೇ ತಟ್ಟೆಗೆ ಹಾಕಿ ತಿನ್ನುತ್ತಿದೆ ಎಂದು ಅವಳು ನಂಬಿದಳು. ಆ ಹೆಸರಿದ್ದ ಬೋರ್ಡು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದಳು. ಕೊನೆಗೆ ಹಲ್ಲು ಮಾಡುವ ವಿದ್ಯೆಯನ್ನೇ ಕಲಿತಳು. ಮೊದಲ ಸೆಟ್ಟು ಹಾಕಿಕೊಂಡು ಅಪ್ಪ ಕನ್ನಡಿ ನೋಡಿದ ದಿನ, ಇನ್ನು ಊರಿನ ಬಾಯಿ ಮುಚ್ಚಿತು ಎಂದುಕೊಂಡಳು. ಆಮೇಲೆ ಅವನು ಸಾಯುವ ತನಕ ಮನೆಯಲ್ಲಿ ಅವನನ್ನು ಹಲ್ಲಿಲ್ಲದೆ ಅವಳು ಕಂಡೇ ಇರಲಿಲ್ಲ.

*

ಅಂಗಳದಲ್ಲಿ ಡಿಪೋದವರು ಸಾಲಾಗಿ ಕೂತಿದ್ದರು. ಹೇಳಲು ಹೊಟ್ಟೆ ತುಂಬ ಮಾತು, ಹೇಳಿದರೆ ಅತ್ತೆಯ ಕಣ್ಣು. ಒಬ್ಬ ಕಂಡಕ್ಟರು, "ನಮ್ಮ ಬೊ..." ಎಂದು ಶುರುಮಾಡಿ ಕೆಮ್ಮಿನಲ್ಲಿ ಮುಗಿಸಿದ. ಇನ್ನೊಬ್ಬನಿಗೆ ಅದನ್ನು ನೋಡಿ ನಗು ಬಂದು, ಸಾವಿನ ಮನೆಯಲ್ಲಿ ನಗಬಾರದೆಂದು ಹಾರದೊಳಗೆ ಮುಖ ಮುಚ್ಚಿಕೊಂಡ.

ಅವರನ್ನು ಗೇಟಿನಲ್ಲೇ ಬಿಟ್ಟು ಹೋಗಿದ್ದ, ಇದ್ಯಾವುದೂ ತಿಳಿಯದ ಟೈಲರು ಪೇಪರು ಮಡಚಿಕೊಂಡು ಬಂದು ಅವರ ನಡುವೆ ಕೂತ. ಪಕ್ಕದ ಮನೆಯವನಾದರೂ ಅವನಿಗೆ ಗೊತ್ತಿದ್ದದ್ದು ಸಂಜೆ ಹೊತ್ತು ಹಲ್ಲುಬಿಟ್ಟು ನಕ್ಕು ಒಳಗೆ ಹೋಗುವ ರಿಟೈರಾದ ಕಂಡಕ್ಟರು ಮಾತ್ರ. ಸುಮ್ಮನೆ ಕೂರುವುದು ಅವನ ಜಾತಕದಲ್ಲೇ ಇರಲಿಲ್ಲ.

"ಇವತ್ತಿನ ಪುರವಣಿ ನೋಡಿದ್ರಾ? ದೊಡ್ಡ ಹೋಟೆಲಿನ ಬಾಣಸಿಗನೊಬ್ಬ ಬರೆದಿದಾನೆ. ಈ ಬೊಚ್ಚ ತಿಂತೀವಲ್ಲ, ಬೊಚ್ಚ, ಆ ಪದ ಎಲ್ಲಿಂದ ಬಂತು ಅಂತ."

ಅಂಗಳದಲ್ಲಿದ್ದವರೆಲ್ಲರ ಕಣ್ಣು ಅತ್ತೆಯ ಕಡೆ ತಿರುಗಿತು. ಒಳಗೆ ಮಗಳ ಕೈಯಲ್ಲಿದ್ದ ನೀರಿನ ಚೊಂಬು ನಿಂತಲ್ಲೇ ನಿಂತಿತು.

"ಕಡಲಾಚೆ ಒಬ್ಬ ರಾಜ ಇದ್ನಂತೆ. ಅವನ ಅಡುಗೆಯವನ ಹೆಸರು ಬೊಚ್ಚಾ ಅಂತಂತೆ. ಗಾಳಿಗೆ ಹಾರೋ ಹಾಗೆ ಹೆಚ್ತಿದ್ನಂತೆ..."

"ಸುಳ್ಳು" ಎಂದರು ಇನ್ಸ್‌ಪೆಕ್ಟರು. ಬೇಡ ಬೇಡವೆಂದರೂ ಬಾಯಿಂದ ಹಾರಿಬಿಟ್ಟಿತು.

"ಪೇಪರಿನಲ್ಲಿ ಬಂದಿದೆ ಸ್ವಾಮಿ."

"ಬಂದ್ರೆ ಬರಲಿ. ಆ ರಾಜ ನಮ್ಮ ಬಸ್ಸಲ್ಲಿ ಓಡಾಡಿದ್ನಾ?"

ಇಬ್ಬರು ಕಂಡಕ್ಟರುಗಳೂ ಎದ್ದು ನಿಂತರು. ಯಾವ ರಾಜ, ಯಾವ ಕಡಲು, ಇಷ್ಟು ವರ್ಷ ನಮ್ಮ ಕಣ್ಣೆದುರಿಗೇ ಆಗಿದ್ದನ್ನು ಇವನ್ಯಾರು ಹೊತ್ತುಕೊಂಡು ಹೋಗುವುದಕ್ಕೆ ಎಂದು ಮೂವರೂ ಒಟ್ಟಿಗೆ ಮಾತಾಡತೊಡಗಿದರು. ಟೈಲರಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಪಟ್ಟು ಬಿಡದೆ ಪೇಪರನ್ನು ಅವರ ಮೂಗಿನ ಮುಂದೆ ಅಲ್ಲಾಡಿಸಿದ.

ಮಗಳು ಹೊರಗೆ ಬಂದಳು. ಮುಖ ಕೆಂಡವಾಗಿತ್ತು. "ಒಂದೇ ಒಂದು ಮಾತು ಕೇಳಿದ್ದೆ ನಿಮ್ಮನ್ನ. ಒಳಗೆ ಹೆಣ ಇದೆ. ಈ ಹೊತ್ತಲ್ಲಾದ್ರೂ ನಮ್ಮಪ್ಪನ್ನ ಆಡಿಕೊಳ್ಳೋದು ನಿಲ್ಲಿಸಬಾರದಾ?"

"ಆಡ್ಕೋತಿರೋದು ಯಾರಮ್ಮ?"

ಕೇಳಿದವಳು ಗೇಟಿನಲ್ಲಿ ನಿಂತಿದ್ದಳು. ಡಿಪೋ ಕ್ಯಾಂಟೀನಿನ ಅಡುಗೆಯಾಕೆ. ತೋಳು ದಪ್ಪ, ನಡಿಗೆ ನಿಧಾನ, ದನಿ ಮಾತ್ರ ಬಸ್ಸಿನ ಹಾರ್ನು. ಅವಳ ಹಿಂದೆ, ಸತ್ತವನ ಜೊತೆ ಸರ್ವಿಸ್ ಪೂರ್ತಿ ಒಂದೇ ಗಾಡಿಯಲ್ಲಿ ಕಳೆದ ಮುದಿ ಡ್ರೈವರು. ಅಡುಗೆಯಾಕೆ ಯಾರ ಅಪ್ಪಣೆಗೂ ಕಾಯದೆ ಒಳಗೆ ಹೋದಳು. ಮಂಚದ ಮುಂದೆ ನಿಂತು ತುಂಬ ಹೊತ್ತು ನೋಡಿದಳು.

"ಇದ್ಯಾರು?" ಎಂದಳು.

"ನಮ್ಮಪ್ಪ."

"ಇವರನ್ನ ನಾನು ನೋಡೇ ಇಲ್ವಲ್ಲ ತಾಯಿ. ನಾನು ಕಂಡಿರೋ ಬಾಯಿ ಇದಲ್ಲ."

"ನೀವೆಲ್ಲ ಸೇರಿ ನಗಾಡಿದ ಬಾಯಿ ಅದು. ಅದನ್ನ ಮುಚ್ಚಿ ಕಳಿಸ್ತಿದೀನಿ."

"ನಗಾಡಿದ್ದಾ?" ಅಡುಗೆಯಾಕೆಗೆ ಸಿಟ್ಟು ನೆತ್ತಿಗೇರಿತು, ಕಣ್ಣಲ್ಲಿ ನೀರೂ ಬಂತು. "ಆ ಬಾಯಿಗೋಸ್ಕರ ನಾನು ಹೆಚ್ಚೋದು ಕಲಿತೆ. ನನಗೆ ಅನ್ನ ಹಾಕಿದ ಬಾಯಿ ಅದು. ಕೂತ್ಕೋ, ಹೇಳ್ತೀನಿ."

ಮಗಳು ಕೂರಲಿಲ್ಲ. ಆದರೆ ಹೋಗಲೂ ಇಲ್ಲ.

*

ಬಸ್ಸಿಗೆ ಅಡ್ಡ ಬಂದದ್ದು ಒಂದು ನಾಯಿ. ಡ್ರೈವರು ಬ್ರೇಕ್ ಒತ್ತಿದ. ಟಿಕೆಟ್ ಹರಿಯುತ್ತಾ ನಿಂತಿದ್ದ ಕಂಡಕ್ಟರನ ಬಾಯಿ ಕಬ್ಬಿಣದ ಕಂಬಿಗೆ ಬಡಿಯಿತು. ನಾಯಿ ಬದುಕಿತು. ಮುಂದಿನ ಹಲ್ಲುಗಳು ಅಲ್ಲೇ ಹೋದವು, ಉಳಿದವನ್ನು ಅಲ್ಲಾಡುತ್ತಿವೆಯೆಂದು ಒಂದೊಂದಾಗಿ ಕಿತ್ತರು. ಆಗಿನ್ನೂ ಅವನ ತಲೆಯಲ್ಲಿ ಒಂದು ನರೆಗೂದಲಿರಲಿಲ್ಲ.

ಕ್ಯಾಂಟೀನಿಗೆ ಅಡುಗೆಯಾಕೆ ಆಗಷ್ಟೇ ಸೇರಿದ್ದಳು. ಅವಳು ಮಾಡಿದ ಸಾರು, ಗಂಜಿ ಎಲ್ಲ ಅವನು ಉಣ್ಣುತ್ತಿದ್ದ. ಹಸಿ ತರಕಾರಿಯನ್ನು ಮಾತ್ರ ತಟ್ಟೆಯ ಅಂಚಿಗೆ ಸರಿಸಿ ಬಿಡುತ್ತಿದ್ದ. ತನ್ನ ಕೈಗುಣವನ್ನೇ ಹೀಗಳೆಯುತ್ತಿದ್ದಾನೆಂದು ಅವಳಿಗೆ ಕೋಪ. ಒಂದು ಮಧ್ಯಾಹ್ನ ಸೌಟು ಹಿಡಿದು ಹೊರಗೆ ಬಂದು, "ನನ್ನ ಬೀಟ್‌ರೂಟು ಏನು ಪಾಪ ಮಾಡಿತ್ತು?" ಎಂದು ಕೇಳಿದಳು. ಅವನು ಬಾಯಿ ತೆರೆದು ತೋರಿಸಿದ.

ಅವಳು ಒಳಗೆ ಹೋಗಿ ಚಾಕು ಮಸೆದಳು. ಮೊದಲ ದಿನ ಹೆಚ್ಚಿದ್ದು ದಪ್ಪವಾಯಿತು. ಎರಡನೇ ದಿನ ಬೆರಳು ಕೊಯ್ದುಕೊಂಡಳು. ಬಿಡಲಿಲ್ಲ. ಒಂದು ಹಾಳೆ ಬೀಟ್‌ರೂಟಿನ ಕೆಳಗೆ ತನ್ನ ಅಂಗೈಗೆರೆ ಕಾಣುವ ತನಕ ಹೆಚ್ಚುತ್ತಾ ಹೋದಳು. ಉಪ್ಪು, ನಿಂಬೆ, ಎರಡು ಹನಿ ಎಣ್ಣೆ ಹಾಕಿ ಕಳಿಸಿದಳು. ತಟ್ಟೆ ಖಾಲಿಯಾಗಿ ಬಂತು. ಕೆಂಪಾದ ತುಟಿಯಲ್ಲಿ ಅವನು ಅಡುಗೆಮನೆಯ ಕಿಂಡಿಗೆ ಬಂದು, "ಹಲ್ಲು ಹೋದ ಮೇಲೆ ಇದೇ ಮೊದಲು ನೋಡಿ, ನೆಲದಲ್ಲಿ ಬೆಳೆದದ್ದರ ರುಚಿ ಗೊತ್ತಾಗಿದ್ದು" ಎಂದ. ಆವತ್ತು ರಾತ್ರಿ ಅವಳಿಗೆ ಖುಷಿಗೆ ನಿದ್ದೆ ಬರಲಿಲ್ಲ.

ಆ ಕ್ಯಾಂಟೀನಿನಲ್ಲಿ ಒಂದು ಪದ್ಧತಿಯಿತ್ತು. ಸಪ್ಲೈಯರು ತಿಂಡಿಯ ಹೆಸರು ಕೂಗುತ್ತಿರಲಿಲ್ಲ, ತಿನ್ನುವವರ ಹೆಸರು ಕೂಗುತ್ತಿದ್ದ. ಬಂದವರೆಲ್ಲ ದಿನದ ಗಿರಾಕಿಗಳು. ಯಾರಿಗೆ ಏನು ಬೇಕೆಂದು ಒಲೆಯ ಮುಂದಿದ್ದವಳಿಗೆ ಬಾಯಿಪಾಠ. "ಇನ್ಸ್‌ಪೆಕ್ಟರಿಗೊಂದು" ಎಂದರೆ ಖಾರ ಕಡಿಮೆ, "ಮೆಕ್ಯಾನಿಕ್ಕು ಎರಡು" ಎಂದರೆ ಎರಡು ಪಾಲು ಅನ್ನ. ಹಾಗೆಯೇ "ಬೊಚ್ಚ ಒಂದು" ಎಂದೊಡನೆ ಅವಳ ಚಾಕು ತರಕಾರಿಯ ಮೇಲೆ ಇಳಿಯುತ್ತಿತ್ತು.

ಬೇರೆ ಡಿಪೋದ ಡ್ರೈವರೊಬ್ಬ ಒಂದು ದಿನ ಅಲ್ಲಿ ಊಟಕ್ಕೆ ಕೂತ. "ಬೊಚ್ಚ ಒಂದು" ಎಂಬ ಕೂಗು ಕೇಳಿತು, ಹಿಂದೆಯೇ ಬಣ್ಣದ ಗಾಜಿನಂಥ ಹೋಳುಗಳ ತಟ್ಟೆ ಪಕ್ಕದ ಮೇಜಿಗೆ ಬಂತು. "ನನಗೂ ಒಂದು ಬೊಚ್ಚ ಕೊಡಪ್ಪ" ಎಂದ. ಕ್ಯಾಂಟೀನೇ ಬಿದ್ದು ಬಿದ್ದು ನಕ್ಕಿತು. ಯಾರೋ ಅವನಿಗೆ ವಿಷಯ ಬಿಡಿಸಿ ಹೇಳಲು ಹೋದರೆ, ಬೊಚ್ಚನೇ ಎದ್ದು ತಡೆದ.

"ಹೇಳಬೇಡ್ರೋ. ಅವನಿಗೂ ಒಂದು ಕೊಡಿ."

ಆ ಡ್ರೈವರು ಅದನ್ನು ತಿಂದು ತನ್ನ ಊರಿಗೆ ಹೋಗಿ, ಅಲ್ಲಿಯ ಕ್ಯಾಂಟೀನಿನಲ್ಲಿ ಬೊಚ್ಚ ಯಾಕಿಲ್ಲ ಎಂದು ಜಗಳವಾಡಿದನಂತೆ. ಬಸ್ಸು ಹೋದ ಕಡೆಯೆಲ್ಲ ಹೆಸರೂ ಹೋಯಿತು.

*

"ನಾವಲ್ಲಮ್ಮ ಅದನ್ನ ಹಬ್ಬಿಸಿದ್ದು" ಎಂದ ಮುದಿ ಡ್ರೈವರು. ಅಲ್ಲಿಯವರೆಗೂ ಅವನು ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದ. "ಅವನೇ. ಗಾಡಿ ನಿಂತ ಕಡೆಯೆಲ್ಲ ಇಳಿದು ಹೋಟೆಲಿನ ಒಳಕ್ಕೇ ನುಗ್ಗೋನು. ಇನ್ನೂ ತೆಳ್ಳಗೆ ಹೆಚ್ಚಿ, ಇನ್ನೂ ತೆಳ್ಳಗೆ ಅಂತ ಅಡುಗೆಯವರ ಪ್ರಾಣ ತಿನ್ನೋನು. ಬೋರ್ಡಿನಲ್ಲಿ ಹೆಸರು ಬರೆಸಿದ ಮೇಲೇ ಗಾಡಿ ಹತ್ತೋನು. ಟೈಮಿಗೆ ಹೋಗಲಿಲ್ಲ ಅಂತ ನನಗೆ ಮೆಮೋ ಬರೋದು."

"ಕೊಟ್ಟಿದ್ದು ನಾನೇ" ಎಂದರು ಇನ್ಸ್‌ಪೆಕ್ಟರು ಬಾಗಿಲಿನಿಂದ. ಈಗ ಎಲ್ಲರೂ ಒಳಗೆ ಬಂದಿದ್ದರು. ಟೈಲರು ಪೇಪರನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿ, ಬಾಯಿ ತೆರೆದು ಕೇಳುತ್ತಿದ್ದ.

"ಪ್ರಪಂಚದಲ್ಲಿ ಎಷ್ಟು ಜನರ ಹೆಸರಲ್ಲಿ ತಿಂಡಿ ಇದೆ ಹೇಳು ಅನ್ನೋನು" ಎಂದ ಡ್ರೈವರು. "ರಾಜರಿಗೂ ಇಲ್ಲವಂತೆ, ಕಂಡಕ್ಟರಿಗಿದೆ ಅನ್ನೋನು. ಅದೆಷ್ಟು ಖುಷಿ ಅವನಿಗೆ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?" ಎಂದಳು ಮಗಳು.

"ಮಾತು ಕೊಟ್ಟಿದ್ನಲ್ಲ ನಿನಗೆ. ಹೊಸಲು ದಾಟಿ ಬರಲ್ಲ ಅಂತ."

ಅವಳು ಅಪ್ಪನ ತುಂಬಿದ ಕೆನ್ನೆಯನ್ನೇ ನೋಡಿದಳು. ಆಮೇಲೆ, ಕೇಳಲೇಬೇಕಾದ್ದನ್ನು ಕಸುಬಿನವಳ ಹಾಗೆ ಕೇಳಿದಳು: "ಹಲ್ಲು? ಇದನ್ನ ಹೊರಗೆ ಹಾಕ್ಕೋತಿರಲಿಲ್ವಾ?"

ಡ್ರೈವರು ತಲೆ ಕೆರೆದುಕೊಂಡ. "ಷರಟಿನ ಜೇಬಲ್ಲಿರೋದು, ಕರ್ಚೀಫಿನಲ್ಲಿ ಸುತ್ತಿ. ನಿಮ್ಮ ಬೀದಿಯ ಸ್ಟಾಪ್ ಬಂತು ಅನ್ನುವಾಗ ನಾನೇ ಜ್ಞಾಪಿಸ್ತಿದ್ದೆ, ಮನೆ ಬಂತು, ಹಲ್ಲು ಹಾಕ್ಕೋ ಅಂತ. ರಿಟೈರಾದ ಮೇಲೂ ಅಷ್ಟೆ. ದಿನಾ ಜೊತೆಗೇ ಕ್ಯಾಂಟೀನಿಗೆ ಹೋಗಿ ಬರ್ತಿದ್ವಲ್ಲ."

"ನೋಯ್ತಿತ್ತಾ?"

"ಇಲ್ಲಮ್ಮ. ನೋವಿದ್ದಿದ್ರೆ ಹೇಳ್ತಿದ್ದ. ನನ್ನ ಮಗಳ ಕೈಕೆಲಸ ನೋಡು ಅಂತ ಬಸ್ಸಿನವರಿಗೆಲ್ಲ ಕರ್ಚೀಫು ಬಿಚ್ಚಿ ತೋರಿಸ್ತಿದ್ದ. ಬಾಯಲ್ಲಿಟ್ಕೊಂಡ್ರೆ ಮಾತ್ರ ಬೀಟ್‌ರೂಟಿನ ರುಚಿ ಹತ್ತಲ್ಲ ಅಂತಿದ್ದ, ಅಷ್ಟೆ."

ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅತ್ತೆಗೆ ತಿಳಿಯಲಿಲ್ಲ. ಇದ್ದಕ್ಕಿದ್ದಂತೆ ಮಂಡಿಯೂರಿ ಅಪ್ಪನ ತುಟಿಯ ಕಡೆ ಕೈ ಚಾಚಿದಳು. ಡ್ರೈವರು ಬಗ್ಗಿ ಆ ಕೈ ಹಿಡಿದುಕೊಂಡ.

"ಬೇಡ, ತೆಗೀಬೇಡ. ನಿನ್ನ ಮನೆಯಿಂದ ಹೋಗ್ತಿದಾನೆ. ನೀನು ಮಾಡಿದ್ದು ಹಾಕ್ಕೊಂಡೇ ಹೋಗಲಿ."

ಅಡುಗೆಯಾಕೆ ಸೆರಗಿನಿಂದ ಮೂಗೊರೆಸಿಕೊಂಡು ಮತ್ತೊಮ್ಮೆ ಸತ್ತವನ ಮುಖ ನೋಡಿದಳು. "ನೋಡ್ತಾ ನೋಡ್ತಾ ರೂಢಿಯಾಗುತ್ತೆ" ಎಂದಳು.

*

ಡಿಪೋದವರು ಒಂದು ಬಸ್ಸನ್ನೇ ಕೊಟ್ಟಿದ್ದರು. ನಡುವಿನ ಸೀಟುಗಳನ್ನು ಕಳಚಿ ಶವದ ಪೆಟ್ಟಿಗೆ ಇಟ್ಟಿದ್ದರು. ಸುತ್ತ ಜನ ಜೋತುಬಿದ್ದು ನಿಂತಿದ್ದರು. ಓಡಿಸುತ್ತಿದ್ದವನು ಈಗಿನ ಡ್ರೈವರು. ಮುದಿ ಡ್ರೈವರು ಅವನ ಪಕ್ಕದಲ್ಲಿ ಕೂತು, ತಿರುವು ಬಂದಾಗಲೆಲ್ಲ ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಿದ್ದ. ಪ್ರತಿ ಸ್ಟಾಪಿನಲ್ಲೂ ಯಾರೋ ಹತ್ತಿದರು. ಹಣ್ಣಿನವಳು, ಗ್ಯಾರೇಜಿನವನು, ಯಾವುದೋ ಹೋಟೆಲಿನ ಇಡೀ ಅಡುಗೆಮನೆ ಏಪ್ರನ್ನಿನ ಸಮೇತ. ಬಸ್ಸು ಕಿಟಕಿಯವರೆಗೂ ತುಂಬಿತು. ಅಪ್ಪನಿಗೆ ಇಷ್ಟು ಜನ ಇದ್ದಾರೆಂದು ಮಗಳಿಗೆ ಗೊತ್ತೇ ಇರಲಿಲ್ಲ.

ಸ್ಮಶಾನ ಊರಾಚೆಯ ಕೊನೆಯ ಸ್ಟಾಪಿನ ಹತ್ತಿರ. ಮಣ್ಣು ಹಾಕುವಾಗ ಒಬ್ಬೊಬ್ಬರೂ ಒಂದೆರಡು ಮಾತಾಡಿದರು. ಅತ್ತೆಯ ಹುಕುಮು ಇನ್ನೂ ಜಾರಿಯಲ್ಲಿತ್ತು. ಯಾರೂ ಆ ಹೆಸರನ್ನು ಎತ್ತಲಿಲ್ಲ. ಮುದಿ ಡ್ರೈವರು "ನಮ್ಮ ಕಂಡಕ್ಟರು" ಎಂದು ಶುರುಮಾಡಿ, ಅದು ಬೇರೆ ಯಾರದೋ ಬಗ್ಗೆ ಮಾತಾಡಿದ ಹಾಗೆ ಕೇಳಿಸಿ, ಮುಂದುವರಿಸಲಾರದೆ ಒಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿದ.

ಎಲ್ಲ ಮುಗಿದಾಗ ಮಧ್ಯಾಹ್ನ ಜಾರಿತ್ತು. ಬೆಳಿಗ್ಗೆಯಿಂದ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಸ್ಟಾಪಿನೆದುರಿಗೆ ಒಂದು ಸಣ್ಣ ಹೋಟೆಲಿತ್ತು. ಎಲ್ಲರೂ ಕೈಕಾಲು ತೊಳೆದು ಒಳಗೆ ಹೋಗಿ ಮೇಜುಗಳನ್ನು ಜೋಡಿಸಿ ಕೂತರು. ಗೋಡೆಯ ಬೋರ್ಡಿನಲ್ಲಿ ಎಲ್ಲಕ್ಕಿಂತ ಮೇಲೆ, ಹೊಸ ಬಣ್ಣದಲ್ಲಿ ಆ ಹೆಸರಿತ್ತು. ಎಲ್ಲರ ಕಣ್ಣೂ ಅಲ್ಲಿಗೆ ಹೋಗಿ, ಕದ್ದವರ ಹಾಗೆ ಕೆಳಗಿಳಿಯಿತು.

ಸಪ್ಲೈಯರು ಬಂದ. "ಏನು ಕೊಡಲಿ?"

"ಟೀ" ಎಂದರು ಇನ್ಸ್‌ಪೆಕ್ಟರು.

"ನನಗೂ ಟೀ ಸಾಕು" ಎಂದ ಒಬ್ಬ ಕಂಡಕ್ಟರು, ಬೋರ್ಡಿನ ಕಡೆ ಬೆನ್ನು ತಿರುಗಿಸಿ. ಅಡುಗೆಯಾಕೆಯೂ ಟೀ ಎಂದಳು. ಟೈಲರು ಬಾಯಿ ತೆರೆದ, ಅತ್ತೆ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಅವನೂ ಟೀ ಎಂದ.

ಮಗಳು ಬೋರ್ಡು ನೋಡುತ್ತಾ ಕೂತಿದ್ದಳು. ಅದನ್ನು ಅವಳು ನೆಟ್ಟಗೆ ಕಣ್ಣಿಟ್ಟು ಓದಿದ್ದು ಇದೇ ಮೊದಲು. ಎರಡು ಸಲ ತುಟಿ ಬಿಚ್ಚಿ ಮುಚ್ಚಿದಳು.

"ಬೊಚ್ಚ" ಎಂದಳು. ದನಿ ಸಣ್ಣದಾಗಿ ಬಂತು. ಗಂಟಲು ಸರಿಮಾಡಿಕೊಂಡು, ಬೀದಿಯವರೆಗೂ ಕೇಳುವಂತೆ ಹೇಳಿದಳು: "ಎಲ್ಲರಿಗೂ ಬೊಚ್ಚ ಕೊಡಿ. ಬೀಟ್‌ರೂಟಿನದು."

"ಬೊಚ್ಚ, ಫುಲ್ ಟೇಬಲ್" ಎಂದು ಸಪ್ಲೈಯರು ಕೂಗಿದ. ಒಳಗಿನಿಂದ ಯಾರೋ ಕಾಣದವರು "ಬೊಚ್ಚ, ಫುಲ್ ಟೇಬಲ್" ಎಂದು ಮರಳಿ ಕೂಗಿದರು. ಮುದಿ ಡ್ರೈವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಇನ್ಸ್‌ಪೆಕ್ಟರು ಮೇಜು ಗುದ್ದಿದರು. ಒಮ್ಮೆಗೇ ಎಲ್ಲರೂ ಮಾತಾಡತೊಡಗಿದರು: ಬೊಚ್ಚ ಹೀಗಂದ, ಬೊಚ್ಚ ಹಾಗೆ ಮಾಡಿದ, ಬೊಚ್ಚ ಒಂದ್ಸಲ ಏನಾಯ್ತು ಗೊತ್ತಾ. ಕಟ್ಟೆ ಒಡೆದ ನೀರಿನ ಹಾಗೆ ಬಂತು ಮಾತು. ಮಗಳು ಯಾರ ಕಡೆ ತಿರುಗುವುದೆಂದು ತಿಳಿಯದೆ ಎಲ್ಲರ ಕಡೆಗೂ ತಿರುಗಿದಳು.

ತಟ್ಟೆಗಳು ಬಂದವು. ಅಡುಗೆಯಾಕೆ ಒಂದು ಹೋಳು ಎತ್ತಿ ಬೆಳಕಿಗೆ ಹಿಡಿದು, "ಪರವಾಗಿಲ್ಲ" ಎಂದಳು. ಅದಕ್ಕಿಂತ ದೊಡ್ಡ ಹೊಗಳಿಕೆ ಅವಳ ಬಾಯಿಂದ ಯಾರೂ ಕೇಳಿರಲಿಲ್ಲ. ಮಗಳು ಒಂದು ಹೋಳು ಬಾಯಿಗಿಟ್ಟು ಅಗಿಯಹೊರಟಳು.

"ಅಗೀಬೇಡ" ಎಂದಳು ಅಡುಗೆಯಾಕೆ. "ಹಲ್ಲು ತಾಗಿಸಬಾರದು. ತುಟಿ ಒಳಗೆ ಮಡಚ್ಕೋ. ನಾಲಿಗೆಯಿಂದ ಅಂಗುಳಕ್ಕೆ ಒತ್ತು."

ಮಗಳು ತುಟಿಗಳನ್ನು ಹಲ್ಲಿನ ಮೇಲೆ ಒಳಕ್ಕೆ ಮಡಚಿಕೊಂಡಳು. ಕೆನ್ನೆ ಒಳಸರಿಯಿತು, ಗದ್ದ ಮೇಲೆ ಬಂತು. ಅವಳನ್ನು ನೋಡಿ ಅತ್ತೆ, ಅತ್ತೆಯನ್ನು ನೋಡಿ ಇನ್ಸ್‌ಪೆಕ್ಟರು, ಆಮೇಲೆ ಟೈಲರು, ಹಣ್ಣಿನವಳು, ಏಪ್ರನ್ನಿನವರು, ಕೊನೆಗೆ ಮುದಿ ಡ್ರೈವರು. ಸಪ್ಲೈಯರು ಟೀ ಹಿಡಿದು ಬಂದಾಗ ಉದ್ದ ಮೇಜಿನ ಎರಡೂ ಕಡೆ ಇಷ್ಟು ಜನ ಹಲ್ಲಿರುವವರು ಬೊಚ್ಚುಬಾಯಿ ಮಾಡಿಕೊಂಡು, ಕಣ್ಣು ಮುಚ್ಚಿ, ಕೆಂಪು ತುಟಿಗಳನ್ನು ಮೆಲ್ಲಗೆ ಆಡಿಸುತ್ತಾ ಕೂತಿದ್ದರು.